ಧರ್ಮಸಭೆಯೇ ಒಂದು ಸಂಸ್ಕಾರ



ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಹಿರಿಯರಿದ್ದಾರೆ. ವರ್ಷಗಟ್ಟಲೆ ಭಾನುವಾರದ ಮೊದಲ ಪೂಜೆಯನ್ನು ತಪ್ಪಿಸದೆ ಬಂದವರು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿಬಿಟ್ಟರು. ಒಂದು ತಿಂಗಳು ಕಾದೆ. ಆಮೇಲೆ ನಾನೇ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಪಟ, ಅದರ ಮುಂದೆ ದೀಪ, ಪಕ್ಕದಲ್ಲಿ ಜಪಸರ, ಓದಿ ಓದಿ ಅಂಚು ಸವೆದ ಬೈಬಲ್. ಎಲ್ಲವೂ ಇತ್ತು.

“ಸ್ವಾಮಿ, ನಾನು ದೇವರನ್ನು ಬಿಟ್ಟಿಲ್ಲ. ದಿನಾ ಸಂಜೆ ಜಪಸರ ಹೇಳುತ್ತೇನೆ. ಯೇಸುಸ್ವಾಮಿ ನನಗೆ ಸಾಕು. ಚರ್ಚಿಗೆ ಮಾತ್ರ ಕರೆಯಬೇಡಿ” ಎಂದರು.

ಕಾಫಿ ಕುಡಿಯುತ್ತಾ ಕುಳಿತಾಗ ನಿಜವಾದ ಕಾರಣ ಹೊರಬಂತು. ತಂದೆಯ ಮನೆ ಪಾಲಾಗುವಾಗ ತಮ್ಮನೊಂದಿಗೆ ಜಗಳವಾಗಿತ್ತು. ಆ ತಮ್ಮ ನಮ್ಮ ದೇವಾಲಯದಲ್ಲಿ ಆಗಾಗ ವಾಚನ ಓದುವವರು. “ಅವನು ಅಲ್ಲಿ ನಿಂತು ದೇವರ ವಾಕ್ಯ ಓದುವುದು, ನಾನು ಇಲ್ಲಿ ಕೂತು ಕೇಳುವುದು, ಇದು ನನ್ನಿಂದಾಗದು ಸ್ವಾಮಿ. ಅವನ ಮುಖ ಕಂಡರೆ ಇದ್ದ ಭಕ್ತಿಯೂ ಹಾರಿಹೋಗುತ್ತದೆ.”

ಪ್ರಿಯ ಓದುಗರೇ, ಇಂಥ ಮಾತನ್ನು ನೀವೂ ಕೇಳಿರಬಹುದು. ಎಂದಾದರೊಮ್ಮೆ ಆಡಿಯೂ ಇರಬಹುದು. ಕಾರಣಗಳು ಬೇರೆ ಬೇರೆ. ಒಬ್ಬರಿಗೆ ಗುರುಗಳ ಮೇಲೆ ಮುನಿಸು, ಇನ್ನೊಬ್ಬರಿಗೆ ಪಾಲನಾ ಸಮಿತಿಯ ಮೇಲೆ ಸಿಟ್ಟು. 2020ರ ಮಾರ್ಚಿಯಲ್ಲಿ ಕೋವಿಡ್‌ನಿಂದಾಗಿ ದೇವಾಲಯಗಳು ಮುಚ್ಚಿದಾಗ ಮೊಬೈಲಿನಲ್ಲಿ ಪೂಜೆ ನೋಡುವುದು ಅನಿವಾರ್ಯವಾಯಿತು. ಬಾಗಿಲು ತೆರೆದ ಮೇಲೂ ಕೆಲವರು ಮನೆಯಲ್ಲೇ ಉಳಿದುಕೊಂಡರು. ಎಲ್ಲರ ಮಾತಿನ ಸಾರ ಒಂದೇ: ಕ್ರಿಸ್ತರು ಬೇಕು, ಧರ್ಮಸಭೆ ಬೇಡ.

ಮನೆಯಲ್ಲಿ ಮಾಡುವ ಪ್ರಾರ್ಥನೆಯನ್ನು ದೇವರು ಕೇಳುವುದಿಲ್ಲವೇ? ಖಂಡಿತ ಕೇಳುತ್ತಾರೆ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವುದನ್ನು ಯೇಸುಸ್ವಾಮಿಯೇ ಕಲಿಸಿದ್ದಾರೆ (ಮತ್ತಾಯ 6:6). ಆದರೆ ಅದೇ ಅಧ್ಯಾಯದಲ್ಲಿ, ಮೂರೇ ವಚನಗಳ ನಂತರ, ಅವರು ಒಂದು ಪ್ರಾರ್ಥನೆಯನ್ನು ಹೇಳಿಕೊಡುತ್ತಾರೆ. ಅದರಲ್ಲಿ ದೇವರನ್ನು ‘ನನ್ನ ತಂದೆ’ ಎಂದು ಕರೆಯಲು ಹೇಳಲಿಲ್ಲ, ‘ನಮ್ಮ ತಂದೆ’ ಎಂದು ಕರೆಯಲು ಹೇಳಿದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಮೊಣಕಾಲೂರಿದರೂ ‘ನಮ್ಮ’ ಎಂದೇ ಹೇಳಬೇಕು. ಆ ‘ನಮ್ಮ’ ಎಂಬುದರಲ್ಲಿ ತಮ್ಮನೂ ಇದ್ದಾನೆ. ಧರ್ಮಸಭೆ ಅಲ್ಲಿಂದಲೇ ಆರಂಭ.

ಕೈಮರ ಮತ್ತು ಬಸ್ಸು

ಸಂಸ್ಕಾರ ಎಂದರೇನು? ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತಿದ್ದೇವೆ: ಕಣ್ಣಿಗೆ ಕಾಣದ ದೇವರ ವರಪ್ರಸಾದವನ್ನು ಕಣ್ಣಿಗೆ ಕಾಣುವಂತೆ ಸೂಚಿಸಿ, ಸೂಚಿಸಿದ್ದನ್ನು ನಿಜವಾಗಿಯೂ ಕೊಡುವ ಗುರುತು. ಈ ಎರಡನೆಯ ಭಾಗವನ್ನು ನಾವು ಮರೆಯುತ್ತೇವೆ. ಬರೀ ಗುರುತು ಬೇರೆ, ಸಂಸ್ಕಾರ ಬೇರೆ. ರಸ್ತೆ ಕೂಡುವಲ್ಲಿ ನಿಲ್ಲಿಸಿದ ಕೈಮರ ‘ಮೈಸೂರು’ ಎಂದು ತೋರಿಸುತ್ತದೆ, ಆದರೆ ಅಲ್ಲಿಗೆ ಕರೆದೊಯ್ಯುವುದಿಲ್ಲ. ಬಸ್ಸಿನ ಹಣೆಯ ಮೇಲೂ ‘ಮೈಸೂರು’ ಎಂಬ ಬೋರ್ಡು ಇರುತ್ತದೆ; ಅದು ತೋರಿಸುವುದಷ್ಟೇ ಅಲ್ಲ, ಹತ್ತಿಸಿಕೊಂಡು ಮೈಸೂರಿಗೆ ಮುಟ್ಟಿಸುತ್ತದೆ. ಸಂಸ್ಕಾರ ಆ ಬಸ್ಸಿನಂತೆ. ದೀಕ್ಷಾಸ್ನಾನದ ನೀರು ತೊಳೆಯುವುದನ್ನು ಸೂಚಿಸುತ್ತದೆ, ನಿಜವಾಗಿಯೂ ತೊಳೆಯುತ್ತದೆ. ಪರಮಪ್ರಸಾದ ಆಹಾರವನ್ನು ಸೂಚಿಸುತ್ತದೆ, ನಿಜವಾಗಿಯೂ ಉಣಿಸುತ್ತದೆ.

ಇಂಥ ಸಂಸ್ಕಾರಗಳು ಏಳು: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ. 1547ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಸಾರಿತು. ಹಾಗಾದರೆ ಧರ್ಮಸಭೆಯನ್ನೂ ಸಂಸ್ಕಾರ ಎಂದರೆ ಅದು ಎಂಟನೆಯದೇ? ಅಲ್ಲ. ಏಳೂ ಕಾಲುವೆಗಳಾದರೆ ಅವು ಹೊರಡುವ ಕೆರೆ ಧರ್ಮಸಭೆ. ಕೆರೆಗೆ ನೀರು ಬರುವ ಊಟೆ ಕ್ರಿಸ್ತರು.

ಅದೃಶ್ಯರಾದ ದೇವರ ಪ್ರತಿರೂಪ ಕ್ರಿಸ್ತರು ಎಂದು ಸಂತ ಪೌಲರು ಬರೆಯುತ್ತಾರೆ (ಕೊಲೊಸ್ಸೆಯರಿಗೆ 1:15). ಕಾಣದ ತಂದೆ ಯೇಸುಸ್ವಾಮಿಯಲ್ಲಿ ಕಂಡರು. ಕುಷ್ಠರೋಗಿಯನ್ನು ಮುಟ್ಟಿದ ಕೈ ಅವರದು, ಆ ಕೈಯಲ್ಲಿ ಗುಣಪಡಿಸಿದವರು ದೇವರು. ಅವರು ಸ್ವರ್ಗಾರೋಹಣವಾದ ಮೇಲೆ ಆ ಸ್ಪರ್ಶ ಎಲ್ಲಿಗೆ ಹೋಯಿತು? ಶಿಲುಬೆಯ ಮೇಲೆ ಸೈನಿಕನು ಅವರ ಪಕ್ಕೆಯನ್ನು ತಿವಿದಾಗ ರಕ್ತವೂ ನೀರೂ ಹೊರಬಂದವು (ಯೊವಾನ್ನ 19:34). ನೀರಿನಲ್ಲಿ ದೀಕ್ಷಾಸ್ನಾನವನ್ನೂ ರಕ್ತದಲ್ಲಿ ಪರಮಪ್ರಸಾದವನ್ನೂ ನಮ್ಮ ಆದಿ ಪಿತಾಮಹರು ಕಂಡರು. ನಿದ್ರಿಸುತ್ತಿದ್ದ ಆದಾಮನ ಪಕ್ಕೆಯಿಂದ ಹವ್ವ ಬಂದಂತೆ, ಶಿಲುಬೆಯ ಮೇಲೆ ಮರಣನಿದ್ರೆಯಲ್ಲಿದ್ದ ಕ್ರಿಸ್ತರ ಪಕ್ಕೆಯಿಂದ ಧರ್ಮಸಭೆ ಹುಟ್ಟಿತು ಎಂದು ಅವರು ಬೋಧಿಸಿದರು.

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಹಳೆಯ ವಿಶ್ವಾಸವನ್ನು ಮತ್ತೆ ನಮ್ಮ ಕೈಗಿಟ್ಟಿತು. 1964ರ ನವೆಂಬರ್ 21ರಂದು ಪೋಪ್ ಆರನೆಯ ಪೌಲರು ಘೋಷಿಸಿದ ‘ಲೂಮೆನ್ ಜೆನ್ಸಿಯುಂ’ ಎಂಬ ಧರ್ಮಸಭೆಯ ಕುರಿತ ಸಂವಿಧಾನ ತನ್ನ ಮೊದಲ ಪರಿಚ್ಛೇದದಲ್ಲೇ ಇದನ್ನು ಹೇಳುತ್ತದೆ: ಧರ್ಮಸಭೆ ಕ್ರಿಸ್ತರಲ್ಲಿ ಒಂದು ಸಂಸ್ಕಾರದಂತಿದೆ, ಮನುಷ್ಯರು ದೇವರೊಡನೆ ಒಂದಾಗುವುದಕ್ಕೂ ಮನುಕುಲವೆಲ್ಲ ತನ್ನೊಳಗೆ ಒಂದಾಗುವುದಕ್ಕೂ ಅದು ಗುರುತು, ಸಾಧನವೂ ಹೌದು. ಇಲ್ಲಿ ಎರಡು ಐಕ್ಯಗಳಿವೆ. ದೇವರೊಂದಿಗೆ ಒಂದು, ನೆರೆಯವರೊಂದಿಗೆ ಒಂದು. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ದಾರಿ ಇಲ್ಲ. ದೇವರು ಸಾಕು, ತಮ್ಮ ಬೇಡ ಎನ್ನುವವರಿಗೆ ಧರ್ಮಸಭೆ ಕೊಡುವ ಉತ್ತರ ಇದು.

ಇನ್ನೊಬ್ಬರ ಕೈ

ನಿಮ್ಮನ್ನೊಂದು ಪ್ರಶ್ನೆ ಕೇಳುತ್ತೇನೆ. ತನ್ನ ತಲೆಯ ಮೇಲೆ ತಾನೇ ನೀರು ಹೊಯ್ದುಕೊಂಡು ದೀಕ್ಷಾಸ್ನಾನ ಪಡೆದವರನ್ನು ನೋಡಿದ್ದೀರಾ? ಅದು ಸಾಧ್ಯವಿಲ್ಲ. ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ದಾದಿ ದೀಕ್ಷಾಸ್ನಾನ ಕೊಡಬಹುದು, ನೆರೆಯವರು ಕೊಡಬಹುದು. ಧರ್ಮಸಭೆಯ ಉದ್ದೇಶದಿಂದ ಕೊಟ್ಟರೆ, ದೀಕ್ಷಾಸ್ನಾನ ಪಡೆಯದವರು ಕೊಟ್ಟರೂ ಸಲ್ಲುತ್ತದೆ. ಆದರೆ ಎಷ್ಟೇ ದೊಡ್ಡ ಭಕ್ತನಾಗಲಿ, ತನಗೆ ತಾನೇ ಕೊಟ್ಟುಕೊಂಡರೆ ಸಲ್ಲುವುದಿಲ್ಲ.

ಉಳಿದ ಸಂಸ್ಕಾರಗಳನ್ನೂ ನೋಡಿ. ಯಾವ ಗುರುವೂ ತನ್ನ ಪಾಪವನ್ನು ತಾನೇ ಕ್ಷಮಿಸಿಕೊಳ್ಳಲಾರ. 2014ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ಅವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರ ಎದುರಿಗೆ ಒಬ್ಬ ಗುರುವಿನ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು. ಬೀಗದ ಕೈಗಳನ್ನು ಹಿಡಿದವರಿಗೂ ಬಾಗಿಲು ತೆರೆಯಲು ಇನ್ನೊಬ್ಬರು ಬೇಕು! ಧರ್ಮಾಧ್ಯಕ್ಷರಿಗೆ ದೀಕ್ಷೆ ಕೊಡುವವರು ಬೇರೆ ಧರ್ಮಾಧ್ಯಕ್ಷರು. ವಿವಾಹದಲ್ಲಿ ವರನು ವಧುವಿಗೆ, ವಧುವು ವರನಿಗೆ ಸಂಸ್ಕಾರವನ್ನು ಕೊಡುತ್ತಾರೆ. ಬಲಿಪೂಜೆಯಲ್ಲಿ ಗುರು ತನ್ನ ಕೈಯಿಂದಲೇ ಪ್ರಭುವನ್ನು ಸ್ವೀಕರಿಸುತ್ತಾನೆ, ನಿಜ. ಆದರೆ ಆ ಕೈಗೆ ಅಭಿಷೇಕದ ತೈಲ ಹಚ್ಚಿದವರು ಇನ್ನೊಬ್ಬರು.

ದೇವರು ಹೀಗೇಕೆ ಮಾಡಿದರು? ಮನಸ್ಸು ಮಾಡಿದ್ದರೆ ನೇರವಾಗಿಯೇ ಕೊಡಬಹುದಿತ್ತು. ನಾವು ಒಬ್ಬರನ್ನೊಬ್ಬರು ಬಿಟ್ಟುಹೋಗಬಾರದೆಂದೇ ಅವರು ತಮ್ಮ ವರಪ್ರಸಾದವನ್ನು ನಮ್ಮ ನೆರೆಯವರ ಕೈಯಲ್ಲಿಟ್ಟರು. ನನ್ನ ಪಾಲಿನ ವರಪ್ರಸಾದ ಇನ್ನೊಬ್ಬರ ಕೈಯಲ್ಲಿದ್ದರೆ, ಇನ್ನೊಬ್ಬರ ಪಾಲಿನದು ನನ್ನ ಕೈಯಲ್ಲಿದೆ.

ದಮಸ್ಕದ ದಾರಿಯಲ್ಲಿ ಸೌಲನು ನೆಲಕ್ಕೆ ಬಿದ್ದಾಗ ಕೇಳಿದ ಧ್ವನಿಯನ್ನು ನೆನಪು ಮಾಡಿಕೊಳ್ಳಿ (ಪ್ರೇಷಿತರ ಕಾರ್ಯಕಲಾಪಗಳು 9). ಸೌಲನು ಹಿಂಸಿಸಿದ್ದು ಕ್ರೈಸ್ತರನ್ನು. ಯೇಸುಸ್ವಾಮಿ ಕೇಳಿದ್ದು, ನನ್ನನ್ನು ಏಕೆ ಹಿಂಸಿಸುತ್ತೀಯೆ ಎಂದು. ತಮ್ಮ ಜನರಿಗೂ ತಮಗೂ ನಡುವೆ ಅವರು ಗೆರೆ ಎಳೆಯಲಿಲ್ಲ. ಅದೇ ಸೌಲನಿಗೆ ಕಣ್ಣು ಮರಳಿ ಬಂದದ್ದು ಆಕಾಶದ ಬೆಳಕಿನಿಂದಲ್ಲ, ದಮಸ್ಕದ ಸಾಮಾನ್ಯ ವಿಶ್ವಾಸಿ ಅನನೀಯನ ಕೈಯಿಂದ. ಕ್ರಿಸ್ತರನ್ನೇ ಕಂಡವನೂ ದೀಕ್ಷಾಸ್ನಾನಕ್ಕೆ ಧರ್ಮಸಭೆಯ ಬಾಗಿಲಿಗೆ ಬರಬೇಕಾಯಿತು.

ನಾಗಸಾಕಿಯ ಪಾಠ

ಗುರುಗಳೇ ಇಲ್ಲದ ಕಡೆ ಧರ್ಮಸಭೆ ಉಳಿಯುವುದೇ? ಇದಕ್ಕೆ ಜಪಾನ್ ದೇಶದ ನಾಗಸಾಕಿ ಉತ್ತರ ಕೊಟ್ಟಿದೆ. ಆ ಊರು ನಮಗೆ ತೀರ ಹೊರಗಿನದಲ್ಲ. 1597ರ ಫೆಬ್ರವರಿ 5ರಂದು ಅಲ್ಲಿ ಶಿಲುಬೆಗೇರಿಸಿ ಕೊಲ್ಲಲಾದ 26 ರಕ್ತಸಾಕ್ಷಿಗಳಲ್ಲಿ ಒಬ್ಬರು ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ.

1614ರಲ್ಲಿ ಜಪಾನಿನ ಆಡಳಿತ ಕ್ರೈಸ್ತ ಧರ್ಮವನ್ನು ದೇಶಾದ್ಯಂತ ನಿಷೇಧಿಸಿತು. ಗುರುಗಳನ್ನು ಹೊರಗಟ್ಟಿದರು, ಸಿಕ್ಕವರನ್ನು ಕೊಂದರು. 1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರುವೂ ರಕ್ತಸಾಕ್ಷಿಯಾದರು. ಆಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ರೈತರು, ಮೀನುಗಾರರು ಗುಟ್ಟಾಗಿ ತಮ್ಮೊಳಗೇ ಕೆಲಸ ಹಂಚಿಕೊಂಡರು. ಒಬ್ಬರು ಹಬ್ಬದ ದಿನಗಳ ಲೆಕ್ಕ ಇಟ್ಟರು. ಇನ್ನೊಬ್ಬರು ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು. ತಂದೆತಾಯಿಗಳು ಪ್ರಾರ್ಥನೆಗಳನ್ನು ಮಕ್ಕಳ ಬಾಯಿಗೆ ಹಾಕಿದರು. ಪಾಪಕ್ಷಮೆ ಕೊಡುವ ಗುರು ಇಲ್ಲದ್ದರಿಂದ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡು, ಗುರು ಒಂದು ದಿನ ಬಂದೇ ಬರುವರೆಂದು ಕಾದರು.

1865ರ ಮಾರ್ಚ್ 17ರಂದು ನಾಗಸಾಕಿಯ ಓವುರಾದಲ್ಲಿ ಆಗತಾನೇ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಹತ್ತಾರು ಜನ ಬಂದರು. ಫ್ರೆಂಚ್ ಗುರು ಬೆರ್ನಾರ್ ಪೆತಿಜಾನ್ ಪ್ರಾರ್ಥಿಸುತ್ತಿದ್ದರು. ಅವರಲ್ಲೊಬ್ಬ ಹೆಂಗಸು ಬಳಿಗೆ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಪಿಸುಗುಟ್ಟಿದಳು. ಮಾತೆ ಮರಿಯಳ ಸ್ವರೂಪ ಎಲ್ಲಿದೆ ಎಂದು ಕೇಳಿದಳು. ಅಷ್ಟೂ ಕಾಲ ಗುಟ್ಟಾಗಿ ಉಳಿದಿದ್ದ ಧರ್ಮಸಭೆ ಬೆಳಕಿಗೆ ಬಂತು. ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮತ್ತೆ ಹಿಂಸೆ ನಡೆದು, ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಮಂದಿ ಗಡೀಪಾರಾದರು. ನಿಷೇಧ ತೆರವಾದದ್ದು 1873ರಲ್ಲಿ.

ಆ ಜನರಿಗೆ ‘ಯೇಸುಸ್ವಾಮಿ ನನಗೆ ಸಾಕು, ನಾನೊಬ್ಬನೇ ಇದ್ದುಬಿಡುತ್ತೇನೆ’ ಎನ್ನಲು ನಮಗಿಂತ ಎಷ್ಟು ಹೆಚ್ಚು ಕಾರಣವಿತ್ತು! ಒಟ್ಟಿಗೆ ಕೂಡಿದರೆ ಪ್ರಾಣಕ್ಕೆ ಅಪಾಯ. ಆದರೂ ಕೂಡಿದರು. ಇನ್ನೊಬ್ಬರ ಕೈಯಿಂದ ಮಾತ್ರ ಸಿಗುವ ದೀಕ್ಷಾಸ್ನಾನವೇ ಅವರನ್ನು ಒಟ್ಟಿಗೆ ಕಟ್ಟಿಹಾಕಿತ್ತು. ನಮಗೋ ದೇವಾಲಯ ನಾಲ್ಕು ಹೆಜ್ಜೆ ದೂರ. ನಡುವೆ ನಿಂತಿರುವುದು ಒಂದು ಮುನಿಸು.

ಮಸುಕಾದ ಗುರುತು

“ಧರ್ಮಸಭೆ ಸಂಸ್ಕಾರವಾದರೆ ಅದರಲ್ಲಿ ಇಷ್ಟೊಂದು ಕೊಳೆ ಏಕೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂತ ಅಗುಸ್ತೀನರ ಕಾಲದಲ್ಲೂ ಈ ಪ್ರಶ್ನೆ ಎದ್ದಿತ್ತು. ಪಾಪಿಯಾದ ಗುರು ಕೊಟ್ಟ ದೀಕ್ಷಾಸ್ನಾನ ಸಲ್ಲುವುದಿಲ್ಲ ಎಂದು ಡೊನಾತನ ಪಂಗಡದವರು ವಾದಿಸಿದರು. ಅಗುಸ್ತೀನರು ಒಪ್ಪಲಿಲ್ಲ. ನೀರು ಹೊಯ್ಯುವ ಕೈ ಯಾರದೇ ಆಗಿರಲಿ, ದೀಕ್ಷಾಸ್ನಾನ ಕೊಡುವವರು ಕ್ರಿಸ್ತರೇ ಎಂದು ಅವರು ಬೋಧಿಸಿದರು. ಇದು ನಮಗೆ ದೊಡ್ಡ ಸಮಾಧಾನ. ಗುರುವಿನ ಕುಂದಿನಿಂದ ನಿಮ್ಮ ಮಗುವಿನ ದೀಕ್ಷಾಸ್ನಾನ ಕುಂದುವುದಿಲ್ಲ.

ಆದರೆ ಇದನ್ನು ನೆಪ ಮಾಡಿಕೊಳ್ಳುವಂತಿಲ್ಲ. ಬಸ್ಸಿನ ಬೋರ್ಡಿಗೆ ಕೆಸರು ಮೆತ್ತಿದ್ದರೆ ಬಸ್ಸು ಮೈಸೂರಿಗೆ ಹೋಗುವುದು ನಿಲ್ಲುವುದಿಲ್ಲ. ಓದಲಾಗದೆ ಹತ್ತಲಾರದವರು ಮಾತ್ರ ದಾರಿಯಲ್ಲೇ ಉಳಿಯುತ್ತಾರೆ. ಕೊರಿಂಥದಲ್ಲಿ ಇದೇ ಆಯಿತು. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದರು, ಇಲ್ಲದವರು ಹಸಿದು ಕೂತರು. ಇದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಖಂಡಿಸಿದರು (1 ಕೊರಿಂಥಿಯರಿಗೆ 11). ಅವರು ಕೊರಿಂಥದವರ ಪ್ರಾರ್ಥನೆಯಲ್ಲಿ ತಪ್ಪು ಹುಡುಕಲಿಲ್ಲ. ಪಂಕ್ತಿಯಲ್ಲಿ ತಪ್ಪು ಹುಡುಕಿದರು.

ನಮ್ಮ ನಾಡಿನಲ್ಲೂ ಆ ಪಂಕ್ತಿಭೇದ ಇಲ್ಲವೆನ್ನಲಾರೆವು. ಜಾತಿಯ ಕೊಳೆ ದೇವಾಲಯದ ಹೊಸ್ತಿಲನ್ನೂ ದಾಟಿ ಬಂದಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ ಜಾತಿಭೇದವನ್ನು ಪಾಪವೆಂದೇ ಕರೆಯಿತು. ಒಂದೇ ತೊಟ್ಟಿಯ ನೀರಿನಲ್ಲಿ ಹುಟ್ಟಿದವರು ಒಂದೇ ಬೆಂಚಿನಲ್ಲಿ ಕೂರಲು, ಒಂದೇ ಮಣ್ಣಿನಲ್ಲಿ ಮಲಗಲು ಹಿಂಜರಿದರೆ, ಹೊರಗಿನವರು ಯಾವ ಗುರುತನ್ನು ನೋಡಿ ಕ್ರಿಸ್ತರನ್ನು ನಂಬಬೇಕು? ಜಾತಿಯಾಗಲಿ, ಆಸ್ತಿಯ ಜಗಳವಾಗಲಿ, ನಾವು ಮಸುಕು ಮಾಡುವುದು ನಮ್ಮ ಮಾನವನ್ನಷ್ಟೇ ಅಲ್ಲ, ಸಂಸ್ಕಾರವನ್ನು.

ನಮ್ಮ ‘ಆಮೆನ್’

ಹಿಪ್ಪೋ ನಗರದಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಅದೇ ಅಗುಸ್ತೀನರು ಒಂದು ಬೋಧನೆ ಮಾಡಿದರು. ಪೀಠದ ಮೇಲಿರುವುದು ಕ್ರಿಸ್ತರ ಶರೀರ. ನೀವೂ ಕ್ರಿಸ್ತರ ಶರೀರವೇ. ಆದ್ದರಿಂದ ಪೀಠದ ಮೇಲೆ ಇಟ್ಟಿರುವುದು ನಿಮ್ಮದೇ ರಹಸ್ಯ. ನೀವು ‘ಆಮೆನ್’ ಎನ್ನುವಾಗ ನೀವು ಏನಾಗಿದ್ದೀರೋ ಅದಕ್ಕೆ ಒಪ್ಪಿಗೆ ಕೊಡುತ್ತೀರಿ. ಆ ಒಪ್ಪಿಗೆ ಸುಳ್ಳಾಗದಂತೆ ಬಾಳಿರಿ. ಅವರ ಬೋಧನೆಯ ತಿರುಳು ಇದು. ರೊಟ್ಟಿ ಒಂದು ಕಾಳಿನಿಂದ ಆಗುವುದಿಲ್ಲ, ಅನೇಕ ಕಾಳುಗಳು ಒಂದಾಗಿ ಆಗುತ್ತದೆ ಎಂದೂ ಅವರು ನೆನಪಿಸಿದರು.

ಮುಂದಿನ ಭಾನುವಾರ ಗುರುಗಳು ‘ಕ್ರಿಸ್ತರ ಶರೀರ’ ಎಂದಾಗ ಇದನ್ನು ನೆನೆಯಿರಿ. ನಾಲಿಗೆಯ ಮೇಲಿನ ಪ್ರಭುವಿಗೆ ‘ಆಮೆನ್’ ಎಂದವರು, ಸಾಲಿನಲ್ಲಿ ಮುಂದೆ ನಿಂತವರಿಗೂ ‘ಆಮೆನ್’ ಎಂದಂತಾಯಿತು.

ಇದನ್ನು ಓದುವ ಕೆಲವರು ಹಾಸಿಗೆ ಹಿಡಿದಿರಬಹುದು, ದೂರದ ಊರಿನಲ್ಲಿ ದೇವಾಲಯವಿಲ್ಲದೆ ಇರಬಹುದು. ಅಂಥವರು ಹೊರಗಾದೆವೆಂದು ಕೊರಗಬೇಡಿ. ಬರಲಾಗದವರ ಬಳಿಗೆ ಧರ್ಮಸಭೆಯೇ ಬರಬೇಕು. ಬರದಿದ್ದರೆ ತಪ್ಪು ನಮ್ಮದು. ನಿಮಗೆ ಪರಮಪ್ರಸಾದ ತರುವಂತೆ ಗುರುಗಳಿಗೆ ಹೇಳಿಕಳುಹಿಸಿ.

ಕುಟುಂಬಗಳಿಗೆ ಮೂರು ಚಿಕ್ಕ ಕೆಲಸ ಹೇಳುತ್ತೇನೆ. ಮೊದಲನೆಯದು, ನಿಮಗೆ, ನಿಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಆದ ದಿನ ಯಾವುದು, ಜ್ಞಾನ ತಂದೆತಾಯಿ ಯಾರು ಎಂದು ವಿಚಾರಿಸಿ. ಆ ದಿನ ಮನೆಯಲ್ಲಿ ದೀಪ ಹಚ್ಚಿ ಅವರಿಗಾಗಿ ಪ್ರಾರ್ಥಿಸಿ. ಎರಡನೆಯದು, ಕೆಲವು ವಾರಗಳಿಂದ ಪೂಜೆಯಲ್ಲಿ ಕಾಣದ ಒಬ್ಬರ ಮನೆಗೆ ಹೋಗಿ. ಉಪದೇಶ ಬೇಡ, ಯೋಗಕ್ಷೇಮ ಕೇಳಿದರೆ ಸಾಕು. ಮೂರನೆಯದು ಕಷ್ಟದ್ದು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:23-24). ಆ ಸಹೋದರ ಯಾರೆಂದು ನಿಮಗೆ ಗೊತ್ತು.

ಆ ಹಿರಿಯರ ಮಾತಿಗೆ ಮರಳುತ್ತೇನೆ. ಕೆಲವು ತಿಂಗಳಾದ ಮೇಲೆ ಅವರು ಕಚೇರಿಗೆ ಬಂದರು. ಮಗನ ಮದುವೆ ಬೇರೆ ಧರ್ಮಕೇಂದ್ರದಲ್ಲಿ ಗೊತ್ತಾಗಿತ್ತು. ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕಾಗಿತ್ತು. ಅದನ್ನು ಬರೆದುಕೊಟ್ಟು, ಕಪಾಟಿನಿಂದ ಹಳೆಯ ರಿಜಿಸ್ಟರನ್ನೂ ತೆಗೆದು ಅವರದೇ ಪುಟವನ್ನು ತೋರಿಸಿದೆ. ಅವರ ಹೆಸರು, ತಂದೆತಾಯಿಯ ಹೆಸರು, ಜ್ಞಾನ ತಂದೆಯ ಜಾಗದಲ್ಲಿ ಸೋದರಮಾವನ ಹೆಸರು, ಗುರುಗಳ ರುಜು. ಅಂಚಿನಲ್ಲಿ ದೃಢೀಕರಣ, ವಿವಾಹದ ಟಿಪ್ಪಣಿ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು. ನಾನೇನೂ ಹೇಳದೆ ಇನ್ನಷ್ಟು ಪುಟ ತಿರುವಿದೆ. ನಾಲ್ಕು ವರ್ಷದ ನಂತರದ ಪುಟದಲ್ಲಿ ಅವರ ತಮ್ಮನ ಹೆಸರು. ಅದೇ ತಂದೆತಾಯಿ, ಅದೇ ಸೋದರಮಾವ, ಅದೇ ಗುರುಗಳ ರುಜು.

“ಮಾವ ಇಬ್ಬರನ್ನೂ ಎತ್ತಿ ಹಿಡಿದಿದ್ದಾನೆ” ಎಂದರು. ಮತ್ತೇನೂ ಹೇಳದೆ ಸರ್ಟಿಫಿಕೇಟು ತೆಗೆದುಕೊಂಡು ಹೊರಟರು.

ಮುಂದಿನ ಭಾನುವಾರ ಅವರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅಂದು ವಾಚನ ಓದಿದ್ದು ತಮ್ಮನೇ. ಅವರು ಎದ್ದುಹೋಗಲಿಲ್ಲ. ಶಾಂತಿ ವಿನಿಮಯದ ಹೊತ್ತಿಗೆ ಎಲ್ಲರೂ ಅಕ್ಕಪಕ್ಕದವರಿಗೆ ಕೈಮುಗಿಯುತ್ತಿದ್ದಾಗ, ಅವರು ಮುಂದಿನ ಸಾಲಿನ ಕಡೆಗೆ ತಿರುಗಿ ಕೈಮುಗಿದದ್ದನ್ನು ಪೀಠದಿಂದ ನಾನು ನೋಡಿದೆ. ತಮ್ಮ ಅದನ್ನು ಕಂಡರೋ ಇಲ್ಲವೋ ತಿಳಿಯದು. ಪಾಲಿನ ವ್ಯಾಜ್ಯ ಇನ್ನೂ ಮುಗಿದಿಲ್ಲ. ಇಬ್ಬರೂ ಮಾತನಾಡಿದ ಸುದ್ದಿಯೂ ಬಂದಿಲ್ಲ. ಆದರೆ ಇಬ್ಬರೂ ಒಂದೇ ಪೀಠದ ಮುಂದೆ ಬರುತ್ತಿದ್ದಾರೆ. ಅವರಿಬ್ಬರಿಗಾಗಿ, ನಮ್ಮೆಲ್ಲರ ಮನೆಗಳಲ್ಲಿರುವ ಇಂಥ ಅಣ್ಣತಮ್ಮಂದಿರಿಗಾಗಿ ನೀವೂ ಪ್ರಾರ್ಥಿಸಿ.

ಪ್ರಭುವೇ, ನಿಮ್ಮ ಪಕ್ಕೆಯಿಂದ ಹುಟ್ಟಿದ ನಿಮ್ಮ ಧರ್ಮಸಭೆಯನ್ನು ನಮ್ಮ ಕಾರಣದಿಂದ ಯಾರೂ ಬಿಟ್ಟುಹೋಗದಂತೆ ಕಾಪಾಡಿರಿ. ನಮ್ಮ ಕೈಗಳನ್ನು ನಿಮ್ಮ ಕೃಪೆಯ ಗುರುತಾಗಿ ಮಾಡಿರಿ. ಆಮೆನ್.